ಕಾಯಿಸಿದ ರಿಮ್ಮು

ಏಕಾಂತಮ್ಮ ಮೇಡಮ್ ಆಟೋದಿಂದ ಇಳಿಯುವುದನ್ನು ಕಂಡ ತಾಬಿಶ್ ಅಂಗಡಿಯ ಹಿಂದಕ್ಕೆ ಹೋಗಿ, ಬಾಯಲ್ಲಿದ್ದ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದ. ಅವನಿಗೆ ನಲವತ್ತೊಂದು ವರ್ಷ. ಚಿತ್ರದುರ್ಗದ ದಾವಣಗೆರೆ ರಸ್ತೆಯಲ್ಲಿ ಸ್ವಂತ ಟೈರ್ ಅಂಗಡಿ ಇದೆ, ಲಾರಿ ಟೈರನ್ನು ಕೂಡ ನಿಮಿಷಗಳಲ್ಲಿ ಬಿಚ್ಚಿ ಎಸೆಯುವ ಯಂತ್ರ ಇದೆ. ಆದರೆ ಹೈಸ್ಕೂಲಿನಲ್ಲಿ ಮೂರು ವರ್ಷ ವಿಜ್ಞಾನ ಕಲಿಸಿದ ಈ ಹೆಂಗಸು ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ, ಎದುರಿಗೆ ಬಂದರೆ ಅವನ ಕೈ ತಾನಾಗಿ ಅಂಗಿಯ ಮೇಲಿನ ಗುಂಡಿಯನ್ನು ಹುಡುಕುತ್ತಿತ್ತು.

ಆಟೋದವನು ಹಿಂದಿನ ಸೀಟಿನಿಂದ ಒಂದು ಚಕ್ರವನ್ನು ಎಳೆದು ನೆಲಕ್ಕೆ ಹಾಕಿದ. ಚಕ್ರ ಎನ್ನುವುದಕ್ಕಿಂತ ಬಳೆ ಎನ್ನಬೇಕು. ನಡುವೆ ಏನೂ ಇರಲಿಲ್ಲ. ಬರೀ ರಿಮ್ಮು, ಅದರ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಬಿರಿದ ಹಳೆಯ ಟೈರು.

“ಇದೇನು ಹೇಳು ನೋಡಾಣ,” ಅಂದರು ಮೇಡಮ್.

“ರಿಮ್ಮು ಮೇಡಮ್. ಹಳೇ ಕಾರಿಂದು.”

“ಅದು ಆಟೋದವನಿಗೂ ಗೊತ್ತಾಯ್ತು. ಬೇರೆ ರಿಮ್ಮಿಗೂ ಇದಕ್ಕೂ ಏನು ವ್ಯತ್ಯಾಸ?”

ತಾಬಿಶ್ ಕುಕ್ಕರಗಾಲಲ್ಲಿ ಕುಳಿತು ರಿಮ್ಮಿನ ಒಳಮೈ ಮೇಲೆ ಕೈಯಾಡಿಸಿದ. ಪದರ ಪದರವಾಗಿ ಬಣ್ಣ ಬಳಿದಿದ್ದರು. ಒಂದು ಕಡೆ ಬೆರಳಿಗೆ ಸಣ್ಣ ಗೀರು ಸಿಕ್ಕಿತು. ಸ್ಕ್ರೂಡ್ರೈವರಿನಿಂದ ಕೆರೆದು ನೋಡಿದ. ರಿಮ್ಮು ಅಲ್ಲಿ ಓರೆಯಾಗಿ, ಈ ಅಂಚಿನಿಂದ ಆ ಅಂಚಿನವರೆಗೆ ತುಂಡಾಗಿತ್ತು.

“ಒಡದೈತೆ ಮೇಡಮ್. ವೆಲ್ಡಿಂಗ್ ಮಾಡಿಸ್ಬೇಕು.”

“ಒಡೆದಿಲ್ಲ. ಮಾಡಿರೋದೇ ಹಂಗೆ. ವೆಲ್ಡಿಂಗ್ ಗಿಲ್ಡಿಂಗ್ ಮಾಡಿಸಿದ್ಯೋ, ಕಿವಿ ಹಿಂಡ್ತೀನಿ.”

ಆಮೇಲೆ ಅವರು ಸ್ಟೂಲಿನ ಮೇಲೆ ಕುಳಿತು, ಪಾಠ ಮಾಡುವ ದನಿಯಲ್ಲೇ ವಿಷಯ ಹೇಳಿದರು. ಅವರ ಮಾವ ಕೊಂಡ ಕಾರು ಅದು, ಅದಕ್ಕೀಗ ನೂರು ವರ್ಷ. ಹೊಳಲ್ಕೆರೆಯ ಮನೆಯ ಪಕ್ಕದ ಶೆಡ್ಡಿನಲ್ಲಿದೆ. ಅದರ ಚಕ್ರಗಳು ಮರದವು, ಎತ್ತಿನ ಗಾಡಿಯ ಗಾಲಿಯಂತೆ ನಡುವಿನಿಂದ ಅಂಚಿಗೆ ಹನ್ನೆರಡು ಅರೆಕಾಲು. ಟೈರು ಕೂತ ಈ ರಿಮ್ಮು ಆ ಮರದ ಚಕ್ರಕ್ಕೆ ಹೊರಗಿನಿಂದ ತೊಡಿಸಿದ ಬಳೆ; ಆರು ನಟ್ಟು ಬಿಚ್ಚಿದರೆ ಕೈಗೆ ಬರುತ್ತದೆ. ಮರ ಕಾರಿನಲ್ಲೇ ಉಳಿಯುತ್ತದೆ, ಅದಕ್ಕೆ ಪೆಟ್ಟು ಬೀಳುವುದಿಲ್ಲ.

ಕಷ್ಟ ಇರುವುದು ರಿಮ್ಮಿನಿಂದ ಟೈರು ಬಿಡಿಸುವುದರಲ್ಲಿ. ಈಗಿನ ಕಾರಿನ ರಿಮ್ಮಿಗೆ ನಡುವೆ ಒಂದು ಹಳ್ಳ ಇರುತ್ತದೆ, ಟೈರನ್ನು ಅದಕ್ಕೆ ಇಳಿಸಿ ಲಿವರ್ ಹಾಕಿ ಅಂಚು ದಾಟಿಸಬಹುದು. ಇದಕ್ಕೆ ಹಳ್ಳವೇ ಇಲ್ಲ. ಟೈರು ಹಿಗ್ಗುವುದಿಲ್ಲ, ಆದ್ದರಿಂದ ರಿಮ್ಮೇ ಕುಗ್ಗಬೇಕು. ತುಂಡಾದ ಜಾಗದಲ್ಲಿ ಒಂದು ತುದಿಯನ್ನು ಒಳಕ್ಕೆ ಎಳೆದು ಇನ್ನೊಂದು ತುದಿಯ ಕೆಳಗೆ ತೂರಿಸಿದರೆ ಇಡೀ ಬಳೆ ಸುರುಳಿ ಸುತ್ತಿಕೊಂಡು ಟೈರು ಸಡಿಲವಾಗುತ್ತದೆ. ಮತ್ತೆ ಹೊರಕ್ಕೆ ತಳ್ಳಿದರೆ ಎರಡು ತುದಿಗಳೂ ಕೂಡಿಕೊಳ್ಳುತ್ತವೆ. ಇದಕ್ಕೆಂದೇ ಮೂರು ಕಾಲಿನ ಒಂದು ಸಾಧನ ಕಾರಿನ ಜೊತೆ ಬಂದಿತ್ತು. ಮೈದುನ ಯಾವಾಗಲೋ ಗುಜರಿಗೆ ಹಾಕಿದ್ದ. ಉಳಿದದ್ದು ಕಾರಿನ ಪುಸ್ತಕದಲ್ಲಿದ್ದ ಅದರ ಚಿತ್ರ. ಮೇಡಮ್ ಅದನ್ನು ಜೆರಾಕ್ಸ್ ಮಾಡಿಸಿ ತಂದಿದ್ದರು.

“ಹೊಸ ಟೈರು ಐದೂ ಬಂದವೆ. ಕಾಗದ ಪತ್ರ ಸರಿ ಮಾಡಿಸಿದೀನಿ. ಎಂಜಿನ್ ಓಡ್ತದೆ. ಜೂನ್ ಮೂವತ್ತಕ್ಕೆ ನನ್ನ ಲೈಸೆನ್ಸ್ ಮುಗೀತದೆ. ಕಣ್ಣಿನ ಡಾಕ್ಟ್ರು ಇನ್ನು ಸಹಿ ಹಾಕಲ್ಲ ಅಂದಿದಾರೆ. ಹಗಲು ತೊಂದ್ರೆ ಇಲ್ಲ, ಹೊತ್ತು ಇಳಿದ್ರೆ ಎದುರಿನ ಲೈಟೆಲ್ಲ ಹರಡ್ಕಂಡು ರಸ್ತೆನೇ ಕಾಣಲ್ಲ. ಮದುವೆಯಾಗಿ ಬಂದ ವರ್ಷ ಮಾವನೋರು ಓಡಿಸೋದು ಕಲಿಸಿದ್ರು. ಆದ್ರೆ ಕೆರೆ ಏರಿ ದಾಟಬೇಡಮ್ಮ ಅಂದಿದ್ರು. ದಾಟ್ಲಿಲ್ಲ. ಈಗ ಒಂದೇ ಒಂದ್ಸಲ ದುರ್ಗದ ಕೋಟೆ ಬಾಗಿಲ ತನಕ ನಾನೇ ಓಡಿಸ್ಕಂಡ್ ಬರಬೇಕು. ಆಗ್ತದಾ?”

ಅವರಿಗೆ ಎಪ್ಪತ್ನಾಲ್ಕು. ಆಗುವುದಿಲ್ಲ ಎನ್ನಲು ತಾಬಿಶನಿಗೆ ಬಾಯಿ ಬರಲಿಲ್ಲ. ಮರುದಿನ ಉಳಿದ ನಾಲ್ಕು ರಿಮ್ಮೂ ಐದು ಹೊಸ ಟೈರೂ ಅವನ ಅಂಗಡಿಗೆ ಬಂದವು.

ಭರಮಸಾಗರದ ಓಬಯ್ಯ ಅವನಿಗೆ ಗುರುತಿನವನು. ಗಾಡಿಯ ಗಾಲಿಗೆ ಹಳಿ, ಅಂದರೆ ಕಬ್ಬಿಣದ ಪಟ್ಟಿ, ಹಾಕುವುದರಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾದವನು. ಈಗ ಗಾಡಿಗಳಿಲ್ಲ, ಟ್ರ್ಯಾಕ್ಟರಿನ ಕುಂಟೆ, ಗೇಟು, ಗ್ರಿಲ್ಲು ಮಾಡುತ್ತಾನೆ. ಆದರೂ ಕುಲುಮೆ ಆರಿಸಿಲ್ಲ. ಅರವತ್ತೆರಡರ ಓಬಯ್ಯ ಚಿತ್ರವನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ನೋಡಿದ.

“ಇದೇನಲೇ, ಒಲೆ ಮೇಲಿಡೋ ಮುಕ್ಕಾಲಿ ಇದ್ದಂಗೈತೆ.”

“ಎರಡು ಕಾಲು ರಿಮ್ಮನ್ನ ಹಿಡ್ಕಂತವೆ ಓಬಯ್ಯಣ್ಣ. ಮೂರನೇದಕ್ಕೆ ಸ್ಕ್ರೂ. ತಿರುಗಿಸಿದ್ರೆ ತುದಿನ ಒಳಕ್ಕೆ ಎಳೀತದೆ. ಹಿಂದಕ್ಕೆ ತಿರುಗಿಸಿದ್ರೆ ನೂಕ್ತದೆ.”

“ಓದಿದೋರು ಬಿಡಪ್ಪ ನೀವು. ಮಾಡಾಣ.”

ಅವನು ಹಳೆಯ ಲಾರಿ ಜಾಕಿನ ಸ್ಕ್ರೂ ತೆಗೆದುಕೊಂಡ, ಕಾಲುಗಳಿಗೆ ದಪ್ಪ ಸರಳು ಬಳಸಿದ, ತುದಿಗೆ ಕೊಕ್ಕೆ ಬಗ್ಗಿಸಿದ. ಎರಡು ದಿನದಲ್ಲಿ ಸಾಧನ ಸಿದ್ಧವಾಯಿತು. ಹಳೆಯ ಟೈರನ್ನು ಗ್ರೈಂಡರಿನಿಂದ ಕೊಯ್ದು ತೆಗೆದಿದ್ದರು. ರಿಮ್ಮನ್ನು ನೆಲಕ್ಕೆ ಹಾಕಿ, ಮೂರೂ ಕಾಲು ಸಿಕ್ಕಿಸಿ, ತಾಬಿಶ್ ಸ್ಕ್ರೂ ತಿರುಗಿಸಿದ. ರಿಮ್ಮು ಕದಲಲಿಲ್ಲ. ಸಾಧನದ ಕಾಲೇ ಬಾಳೆಕಾಯಿಯ ಹಾಗೆ ಬಾಗಿತು.

ಓಬಯ್ಯ ಬೀಡಿ ಹಚ್ಚಿ ಸ್ವಲ್ಪ ಹೊತ್ತು ರಿಮ್ಮನ್ನೇ ನೋಡಿದ. “ನಲವತ್ತು ವರ್ಷ ಬಳೆ ಕೂಡಿಸೀನಿ. ಕಬ್ಬಿಣ ತಣ್ಣಗಿದ್ದಾಗ ಯಾವತ್ತಾದ್ರೂ ಮಾತು ಕೇಳೈತಾ? ಕಾಯಿಸಾಣ.”

ತಾಬಿಶನಿಗೂ ಅದು ಸರಿ ಎನಿಸಿತು. ಕಾದರೆ ಕಬ್ಬಿಣ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಶಾಲೆಯಲ್ಲಿ ಅವನಿಗೆ ತಲೆಗೆ ಹತ್ತಿದ್ದ ಕೆಲವೇ ವಿಷಯಗಳಲ್ಲಿ ಅದೊಂದು. ತುಂಡಾದ ಜಾಗದ ಸುತ್ತ ಸಗಣಿ ಕುಳ್ಳು ಒಟ್ಟಿ ಬೆಂಕಿ ಕೊಟ್ಟರು. ರಿಮ್ಮು ಕೆಂಪಾದಾಗ ತಾಬಿಶ್ ಇಕ್ಕಳದಲ್ಲಿ ಹಿಡಿದ, ಓಬಯ್ಯ ಸ್ಕ್ರೂ ತಿರುಗಿಸಿದ. ಒಳಗೆ ಎಲ್ಲೋ ಪಟ್ಟೆಂದು ಏನೋ ಮುರಿದ ಸದ್ದಾಯಿತು. ತುದಿ ಬೆಣ್ಣೆಯಂತೆ ಒಳಕ್ಕೆ ಬಂತು.

“ನೋಡಿದ್ಯಾ?” ಅಂದ ಓಬಯ್ಯ.

ತಣಿದ ಮೇಲೆ ಹೊಸ ಟೈರು ಹಾಕಿ ತುದಿಯನ್ನು ಹೊರಕ್ಕೆ ತಳ್ಳಿದರು. ಎರಡು ತುದಿಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಉಳಿಯಿತು. ಓಬಯ್ಯ ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿ ಸರಿಮಾಡಿದ. ಸದ್ಯ ಒಂದಾಯಿತಲ್ಲ ಎಂದು ಇಬ್ಬರೂ ಟೀ ಕುಡಿದರು.

ಎರಡನೆಯ ರಿಮ್ಮಿಗೆ ಹೋಗುವಾಗ, ಬಾಗಿದ ಕಾಲಿನ ಬದಲು ಓಬಯ್ಯ ಲಾರಿಯ ಕಮಾನು ಪಟ್ಟಿ ಕೊಯ್ದು ಹೊಸ ಕಾಲು ಮಾಡಿದ. ತಾಬಿಶ್ ಈ ಸಲ ರಿಮ್ಮಿನ ಬಣ್ಣವನ್ನೆಲ್ಲ ಕೆರೆದ. ಪ್ರತಿ ಆಯುಧಪೂಜೆಗೂ ಮನೆಯವರು ರಿಮ್ಮಿಗೆ ಒಂದು ಕೈ ಬಣ್ಣ ಬಳಿದಿದ್ದರು. ಆ ಬಣ್ಣದ ಕೆಳಗೆ, ಎರಡು ತುದಿಗಳು ಕೂಡುವಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಒಂದು ಕೊಂಡಿ ಇತ್ತು. ಒಂದು ತುದಿಯನ್ನು ಇನ್ನೊಂದಕ್ಕೆ ಬೀಗ ಹಾಕುವ ಕೊಂಡಿ. ಸ್ಕ್ರೂಡ್ರೈವರಿನಿಂದ ಅದನ್ನು ಸರಿಸಿ ಸಾಧನ ತಿರುಗಿಸಿದರೆ ತಣ್ಣಗಿನ ರಿಮ್ಮು ಗೊಣಗುತ್ತಾ ಒಳಕ್ಕೆ ಬಂತು. ಟೈರು ಹಾಕಿ ಹಿಂದಕ್ಕೆ ತಳ್ಳಿದಾಗ ತುದಿಗಳು ಠಣ್ಣೆಂದು ಕೂಡಿಕೊಂಡು ಕೊಂಡಿ ತಾನಾಗಿ ಬಿತ್ತು. ಕೂದಲಿನಷ್ಟೂ ಸಂದಿಲ್ಲ.

ಮೂರು, ನಾಲ್ಕು, ಐದು, ಎಲ್ಲವೂ ಠಣ್ ಅಂದವು.

ತಾಬಿಶ್ ಹೋಗಿ ಮೊದಲನೆಯ ರಿಮ್ಮನ್ನು ಬೆರಳಿನ ಗೆಣ್ಣಿನಿಂದ ಬಡಿದ. ಅದು ಡಬ್ ಅಂತು. ಕಾಯಿಸಿದ ಕಡೆ ಕಬ್ಬಿಣ ತನ್ನ ಬಿಗಿ ಕಳೆದುಕೊಂಡಿತ್ತು. ದಾರ ಹಿಡಿದು ಅಳೆದ; ದುಂಡಗೂ ಇರಲಿಲ್ಲ. ಅವತ್ತು ಪಟ್ಟೆಂದು ಮುರಿದದ್ದು ಇದರ ಕೊಂಡಿ.

“ಓಬಯ್ಯಣ್ಣ, ಇದನ್ನ ಮರದ ಚಕ್ರಕ್ಕೆ ಹಾಕಿ ಬ್ರೇಕ್ ಹಿಡಿದ್ರೆ ರಿಮ್ಮು ಜರುಗ್ತದೆ. ಜರುಗಿದ್ರೆ ವಾಲ್ವ್ ಕಿತ್ಕಂಡು ಟ್ಯೂಬೇ ಹೋಗ್ತದೆ.”

ಓಬಯ್ಯ ತಾನೂ ರಿಮ್ಮನ್ನು ಬಡಿದು ಕೇಳಿದ. ಆಮೇಲೆ, “ಸ್ಟೆಪ್ನಿಗೆ ಹಾಕು,” ಅಂದ. “ಮೂವತ್ತು ಕಿಲೋಮೀಟ್ರು. ಹೊಸ ಟೈರು. ಸ್ಟೆಪ್ನಿ ಯಾರು ಇಳಿಸ್ತಾರೆ? ನಾನು ಹಾಕಿದ ಹಳಿ ಇವತ್ತಿನ ತನಕ ಒಂದೂ ಬಿಚ್ಚಿಲ್ಲ ತಾಬಿಶ. ಊರಾಗೆ ಇದೊಂದು ಮಾತು ಬೇಡ.”

ಐದಕ್ಕೂ ಒಂದೇ ಕಪ್ಪು ಬಣ್ಣ ಹೊಡೆದರು. ಬಣ್ಣ ಒಣಗಿದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಜೂನ್ ಇಪ್ಪತ್ತೇಳಕ್ಕೆ ತಾಬಿಶ್ ಹೊಳಲ್ಕೆರೆಗೆ ಹೋಗಿ ಬಡಿದು ನೋಡಿ, ಠಣ್ ಎಂದ ನಾಲ್ಕು ರಿಮ್ಮನ್ನು ಚಕ್ರಕ್ಕೆ ಕೂರಿಸಿ, ಡಬ್ ಎಂದದ್ದನ್ನು ಸ್ಟೆಪ್ನಿಯಾಗಿ ಕಾರಿನ ಹಿಂದೆ ಕಟ್ಟಿ ಬಂದ. ಮೇಡಮ್ ಒಂದೊಂದು ನಟ್ಟನ್ನೂ ಮುಟ್ಟಿ ನೋಡಿ “ಶಹಬ್ಬಾಸ್” ಅಂದರು. ಶಾಲೆಯಲ್ಲಿ ಅವರ ಬಾಯಿಂದ ಆ ಮಾತನ್ನು ಅವನು ಎಂದೂ ಕೇಳಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಅದು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಕಾಡಿತು.

ಮರುದಿನ, ಅದರ ಮರುದಿನ ಮಳೆ. ಮರದ ಚಕ್ರವನ್ನು ಮಳೆಗೆ ಇಳಿಸುವುದಿಲ್ಲ ಎಂದು ಮೇಡಮ್ ಫೋನ್ ಮಾಡಿದರು. ಹಾಗಾಗಿ ಉಳಿದದ್ದು ಮೂವತ್ತನೆಯ ತಾರೀಖೊಂದೇ.

“ಹೋಗಿ ಹೇಳಿ ಬನ್ನಿ. ಎರಡು ದಿನದಿಂದ ಅನ್ನ ಕಲಸ್ತಾ ಕೂತಿದೀರ, ನೋಡೋಕೆ ನನಗೆ ಆಗ್ತಿಲ್ಲ,” ಅಂದಳು ಹೆಂಡತಿ ಶಿಫಾ.

“ಹೇಳಿದ್ರೆ ಹೊರಡೋದೇ ಇಲ್ಲ ಅಂದ್ರೆ?”

“ಹೇಳದೇ ಹೊರಟ್ರೆ?”

ಮೂವತ್ತರ ಬೆಳಿಗ್ಗೆ ಒಂಬತ್ತಕ್ಕೆ ಅವನು ಹೊಳಲ್ಕೆರೆಯಲ್ಲಿದ್ದ. ಮೇಡಮ್ ಸೆರಗು ಸಿಕ್ಕಿಸಿ, ಕ್ಯಾನ್ವಾಸ್ ಬೂಟು ಹಾಕಿಕೊಂಡು, ಶೆಡ್ಡಿನ ಬಾಗಿಲಲ್ಲಿ ಕಾರಿನ ಗಾಜು ಒರೆಸುತ್ತಿದ್ದರು.

“ಮೇಡಮ್, ಸ್ಟೆಪ್ನಿ ಸರಿಯಿಲ್ಲ.”

“ಗಾಳಿ ಕಮ್ಮಿ ಐತಾ?”

“ಗಾಳಿ ಅಲ್ಲ. ರಿಮ್ಮು. ಕಾಯಿಸಿಬಿಟ್ವಿ.”

ಬಟ್ಟೆ ಹಿಡಿದ ಕೈ ನಿಂತಿತು. “ಯಾರು ಕಾಯಿಸಿದ್ದು?”

ಓಬಯ್ಯನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. “ಇಕ್ಕಳ ಹಿಡ್ಕಂಡಿದ್ದು ನಾನು.”

“ಕೇಳಿದ್ದಕ್ಕೆ ಉತ್ತರ ಅದಲ್ಲ. ಇರ್ಲಿ. ಯಾಕೆ ಕಾಯಿಸಿದ್ರಿ?”

“ನೀವೇ ಕಲಿಸಿದ್ರಲ್ಲ ಮೇಡಮ್, ಎಂಟನೇ ಕ್ಲಾಸಿನಾಗೆ. ಗಾಡಿ ಗಾಲಿಗೆ ಹಳಿ ಹಾಕೋವಾಗ ಯಾಕೆ ಕಾಯಿಸ್ತಾರೆ ಅಂತ. ಆ ಪ್ರಶ್ನೆಗೆ ನನಗೆ ಎರಡಕ್ಕೆ ಎರಡು ಕೊಟ್ಟಿದ್ರಿ.”

ಮೇಡಮ್ ಮುಖ ಕೆಂಪಾಯಿತು. “ಅದು ಇಡೀ ಬಳೆಗೆ ಕಣೋ! ತುಂಡಾದ ಬಳೆಗೆ ಬೆಂಕಿ ಇಟ್ರೆ ಏನಾಗ್ತದೆ ಅಂತ ನಾನು ಕೇಳಿದ್ನಾ?”

“ಕೇಳಿರ್ಲಿಲ್ಲ ಮೇಡಮ್.”

“ಕೇಳಬೇಕಿತ್ತು,” ಅಂದು ಅವರು ಕಾರಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ಇಂಥ ರಿಮ್ಮು ಇನ್ನೊಂದು ಎಲ್ಲೂ ಸಿಗಲ್ಲ, ಗೊತ್ತಾ ನಿಂಗೆ?” ಅಂದರು. ತಾಬಿಶ್ ಬೈಗುಳ ಇನ್ನೂ ಬರುತ್ತದೆ ಎಂದುಕೊಂಡಿದ್ದ, ಬರಲಿಲ್ಲ. ಅವರು ಲೆಕ್ಕ ಹಾಕುತ್ತಿದ್ದರು.

“ಚಕ್ರದಲ್ಲಿರೋ ನಾಲ್ಕೂ ಸರಿ ಇದಾವಾ?”

“ಕುರಾನ್ ಮೇಲೆ ಕೈ ಇಟ್ಟು ಹೇಳ್ತೀನಿ.”

“ಅದೆಲ್ಲ ಬೇಡ. ದಾರೀಲಿ ಪಂಕ್ಚರ್ ಆದ್ರೆ ಸ್ಟೆಪ್ನಿ ಇಲ್ದೇ ಏನು ಮಾಡ್ತೀಯ?”

“ಅದೇ ರಿಮ್ಮನ್ನ ಬಿಚ್ಚಿ, ಟ್ಯೂಬಿಗೆ ಪ್ಯಾಚ್ ಹಾಕಿ ಮತ್ತೆ ಕೂರಿಸ್ಬೇಕು. ಸಾಧನ ಇದ್ರೆ ಆಗ್ತದೆ.”

“ಎಲ್ಲಿದೆ ಅದು?”

ಅದು ಭರಮಸಾಗರದಲ್ಲಿತ್ತು. ಓಬಯ್ಯ ಅದನ್ನು ಕುಲುಮೆಯ ಗೋಡೆಗೆ ನೇತುಹಾಕಿ ಬಂದಬಂದವರಿಗೆ ತೋರಿಸುತ್ತಿದ್ದ. ತಾಬಿಶ್ ಫೋನ್ ಮಾಡಿದ. “ಹೇಳ್ಬಿಟ್ಯೇನಲೇ?” ಎಂದು ಆ ಕಡೆಯಿಂದ ದನಿ ಕುಗ್ಗಿತು. “ಹೇಳ್ದೆ. ನಿನ್ನ ಹೆಸರು ಹೇಳಿಲ್ಲ. ಸಾಧನ ತಗಂಡು ಬಾ, ಬೇಗ.” ಬಸ್ಸಿಗೆ ಗಂಟೆಗಟ್ಟಲೆ ಕಾದು, ಎರಡು ಬಸ್ಸು ಬದಲಿಸಿ, ಗೋಣಿಚೀಲದಲ್ಲಿ ಸಾಧನ ಹೊತ್ತು ಓಬಯ್ಯ ಶೆಡ್ಡಿನ ಮುಂದೆ ಇಳಿದಾಗ ಮಧ್ಯಾಹ್ನ ಮೂರೂವರೆ. ಬಂದವನೇ ಚೀಲ ಕೆಳಗಿಟ್ಟು, “ಅಮ್ಮಾರೇ, ಕಾಯಿಸಿದ್ದು ನಾನು. ಅವನು ಬ್ಯಾಡ ಅಂದ,” ಅಂದ.

“ಬೇಡ ಅಂದಿರ್ಲಿಲ್ಲ,” ಅಂದ ತಾಬಿಶ್.

“ಇಬ್ಬರೂ ಹತ್ರಿ,” ಅಂದರು ಮೇಡಮ್. “ಹೊತ್ತಾಗ್ತದೆ.”

ಕಾರು ಕೆರೆ ಏರಿ ದಾಟುವಾಗ ಅವರು ಒಮ್ಮೆ ಹಾರ್ನ್ ಒತ್ತಿದರು. ಗಂಟೆಗೆ ಮೂವತ್ತರ ವೇಗ. ಹಿಂದಿನಿಂದ ಬಂದ ಬೈಕಿನವರು ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾ ಪಕ್ಕದಲ್ಲೇ ಸಾಗಿದರು. ಎಡಗಡೆ ಕೂತ ತಾಬಿಶ್ ಹೊರಗೆ ಬಾಗಿ ಮುಂದಿನ ಚಕ್ರವನ್ನೇ ನೋಡುತ್ತಿದ್ದ. ಮರದ ಅರೆಕಾಲುಗಳು ತಿರುಗಿ ತಿರುಗಿ ಒಂದು ಹಳದಿ ತಟ್ಟೆಯಾಗಿ ಕಾಣುತ್ತಿದ್ದವು. ಹಿಂದಿನ ಸೀಟಿನಲ್ಲಿ ಓಬಯ್ಯ ಗೋಣಿಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

“ಅಮ್ಮಾರೇ, ಎತ್ತಿನ ಗಾಡಿಗಿಂತ ಚೆನ್ನಾಗಿ ಹೋಗ್ತೈತೆ.”

“ಎತ್ತಿಗೆ ಲೈಸೆನ್ಸ್ ಬೇಡ ಓಬಯ್ಯ,” ಅಂದರು ಮೇಡಮ್, ರಸ್ತೆಯಿಂದ ಕಣ್ಣು ತೆಗೆಯದೆ.

ದುರ್ಗಕ್ಕೆ ಹತ್ತು ಕಿಲೋಮೀಟರ್ ಇರುವಾಗ ಎದುರಿಗೆ ಎರಡು ಲಾರಿ ಜೋಡಿಯಾಗಿ ಬಂದವು. ಮೇಡಮ್ ಕಾರನ್ನು ಮಣ್ಣಿಗೆ ಇಳಿಸಿದರು. ಅಲ್ಲಿ ಯಾರೋ ಬೇಲಿಗೆಂದು ಕಡಿದ ಜಾಲಿಯ ಕೊಂಬೆ ಬಿದ್ದಿತ್ತು. ಮತ್ತೆ ರಸ್ತೆಗೆ ಹತ್ತುವಷ್ಟರಲ್ಲಿ ಎಡ ಹಿಂದಿನ ಚಕ್ರ ಕೂತುಹೋಯಿತು.

ಸ್ಟೆಪ್ನಿ ಇದ್ದಿದ್ದರೆ ಕಾಲು ಗಂಟೆಯ ಕೆಲಸ. ತಾಬಿಶ್ ಜಾಕ್ ಕೊಟ್ಟು, ಆರು ನಟ್ಟು ಬಿಚ್ಚಿ, ರಿಮ್ಮನ್ನು ಟೈರಿನ ಸಮೇತ ಹುಣಸೆ ಮರದ ಕೆಳಗೆ ಉರುಳಿಸಿಕೊಂಡು ಬಂದ. ಕೊಂಡಿ ಸರಿಸಿದ. ಓಬಯ್ಯ ಎರಡು ಕಾಲುಗಳ ಕೊಕ್ಕೆ ಸಿಕ್ಕಿಸಿ, ಮೂರನೆಯದನ್ನು ತುಂಡಾದ ಜಾಗದ ಪಕ್ಕಕ್ಕೆ ಕೊಟ್ಟ. ಮೇಡಮ್ ಮೈಲುಗಲ್ಲಿನ ಮೇಲೆ ಕುಳಿತು ನೋಡುತ್ತಿದ್ದರು. ಸ್ಕ್ರೂ ತಿರುಗಿದಂತೆ ತುದಿ ಕೂದಲೆಳೆ ಕೂದಲೆಳೆ ಒಳಕ್ಕೆ ಸರಿದು, ಇನ್ನೊಂದರ ಕೆಳಗೆ ಜಾರಿತು. ಟೈರು ಕೈಗೆ ಬಂತು. ಮುಳ್ಳು ಹುಡುಕಿ ಕಿತ್ತು, ಟ್ಯೂಬಿಗೆ ಪ್ಯಾಚ್ ಹಾಕಿ, ಅದು ಒಣಗಲು ಕಾದು, ಮತ್ತೆ ಎಲ್ಲವನ್ನೂ ಕೊನೆಯಿಂದ ಮೊದಲಿಗೆ ಮಾಡಿದರು. ತುದಿಗಳು ಕೂಡುವಾಗ ಸದ್ದು ರಸ್ತೆಯ ಆಚೆಗೂ ಕೇಳಿತು.

“ಕೇಳಿದ್ರಾ ಅಮ್ಮಾರೇ? ಇದು ಸರಿಯಾದ ರಿಮ್ಮು,” ಅಂದ ಓಬಯ್ಯ.

ಆಮೇಲೆ ಕೈಪಂಪು. ಅರವತ್ತು ಪೌಂಡ್ ಗಾಳಿ ತುಂಬಬೇಕು. ಇಬ್ಬರೂ ಸರದಿ ಮೇಲೆ ಒತ್ತಿದರು, ಅಂಗಿ ಬೆನ್ನಿಗೆ ಅಂಟಿತು. ಮೇಡಮ್ ಗಡಿಯಾರ ನೋಡಲಿಲ್ಲ. ಪಶ್ಚಿಮದ ಮೋಡ ನೋಡುತ್ತಿದ್ದರು. ಕೊನೆಯ ನಟ್ಟು ಬಿಗಿಯಾದಾಗ ಏಳಾಗುತ್ತಾ ಬಂದಿತ್ತು.

ಅವರು ಹತ್ತಿ ಕಾರು ಹೊರಡಿಸಿದರು. ಆರು ಕಿಲೋಮೀಟರ್ ಹೋದರು. ಗುಡ್ಡದ ಗಾಳಿಯಂತ್ರಗಳ ನೆತ್ತಿಯಲ್ಲಿ ಕೆಂಪು ದೀಪ ಹತ್ತಿತ್ತು. ಎದುರಿನಿಂದ ಬಂದ ಮೊದಲ ಬಸ್ಸಿನ ಬೆಳಕಿಗೆ ಅವರ ಕಾಲು ಬ್ರೇಕಿನ ಮೇಲೆ ಹೋಯಿತು. ಎರಡನೆಯದಕ್ಕೆ ಕಾರು ಒಂದು ಗೇಣು ಬಲಕ್ಕೆ ವಾಲಿತು. ತಾಬಿಶ್ ಸ್ಟೀರಿಂಗಿಗೆ ಕೈ ಚಾಚಲಿಲ್ಲ, ಆದರೆ ಚಾಚುವುದರಲ್ಲಿದ್ದ. ಮೇಡಮ್ ನಿಧಾನವಾಗಿ ಎಡಕ್ಕೆ ಎಳೆದು, ನಿಲ್ಲಿಸಿ, ಕೈಬ್ರೇಕ್ ಹಾಕಿದರು.

ದುರ್ಗ ನಾಲ್ಕು ಕಿಲೋಮೀಟರ್ ಎಂದು ಹಸಿರು ಬೋರ್ಡಿನಲ್ಲಿ ಬರೆದಿತ್ತು. ಅವರು ಅದನ್ನು ಓದಿದರು.

“ಸ್ಟೆಪ್ನಿ ನೆಟ್ಟಗಿದ್ದಿದ್ರೆ ನೀವು ಇಷ್ಟೊತ್ತಿಗೆ ಕೋಟೆ ಹತ್ರ ಇರ್ತಿದ್ರಿ ಮೇಡಮ್,” ಅಂದ ತಾಬಿಶ್.

“ಹೌದು,” ಅಂದರು ಮೇಡಮ್. “ಇರ್ತಿದ್ದೆ.”

ಅವರು ಇಳಿದು, ಕಾರಿನ ಮೂತಿ ಸುತ್ತಿಕೊಂಡು ಎಡಗಡೆಗೆ ಬಂದರು. “ಆ ಕಡೆ ಸರಕೋ. ನೀನು ಓಡಿಸು.”

“ನನಗೆ ಈ ಕಾರು ಬರಲ್ಲ.”

“ಗೊತ್ತು. ನೋಡು, ಮಧ್ಯದ್ದು ಆಕ್ಸಿಲರೇಟರ್. ಬಲಗಡೆದು ಬ್ರೇಕು. ಅಭ್ಯಾಸದ ಮೇಲೆ ತುಳಿದ್ಯೋ, ಮೂವರೂ ಹೋದ್ವಿ.”

“ನಾನು ಬಸ್ಸಿಗೆ ಬರ್ಲಾ ಅಮ್ಮಾರೇ?” ಅಂದ ಓಬಯ್ಯ ಹಿಂದಿನಿಂದ.

“ಸುಮ್ನೆ ಕೂತ್ಕಳಯ್ಯ.” ಅವರು ತಾಬಿಶನ ಕಾಲಿನ ಕಡೆಗೆ ಬಾಗಿ ನೋಡಿದರು. “ಚಪ್ಪಲಿ ಬಿಚ್ಚು. ಪೆಡಲ್ ಕಾಲಿಗೆ ಗೊತ್ತಾಗಬೇಕು. ಹೂಂ, ಈಗ ಕ್ಲಚ್ ತುಳಿ. ಪೂರ್ತಿ.”

ಅವನು ತುಳಿದ.